ಬೀಡು ಬಿಡುವುದೆಂದರೆ...

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಗರೆ ಎಂಬ ಊರಿದೆ. ನೇರ ಹೋದರೆ ಬೇಲೂರು, ಇಲ್ಲಿ ತಿರುಗಿದರೆ ಹಳೇಬೀಡು. ಹೀಗಾಗಿ ನಮ್ಮೂರಿನ ಬಸ್ ನಿಲ್ದಾಣದಲ್ಲಿ ಆಗಾಗ ಯಾರಾದರೂ ಕಾರಿನ ಗಾಜಿಳಿಸಿ ಹಳೇಬೀಡಿನ ದಾರಿ ಕೇಳುತ್ತಾರೆ. ನಾವು ಕೈ ತೋರಿಸುತ್ತೇವೆ, ಅವರು ಹೋಗುತ್ತಾರೆ. ಆ ಹೆಸರಿನ ಅರ್ಥವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬೀಡು ಎಂದರೆ ನೆಲೆ, ತಂಗುವ ಜಾಗ. ‘ಸೈನ್ಯ ಅಲ್ಲಿ ಬೀಡು ಬಿಟ್ಟಿತು’ ಎಂದು ಪಾಠದ ಪುಸ್ತಕದಲ್ಲಿ ಓದಿರುತ್ತೀರಿ. ಡೇರೆ ಹಾಕಿ ಅಲ್ಲೇ ನಿಂತಿತು ಎಂದು ಅದರ ಅರ್ಥ. ಅದೇ ಮಾತನ್ನು ಬಿಡಿಸಿ ಓದಿದರೆ, ಇದ್ದ ಬೀಡನ್ನು ಬಿಟ್ಟು ಹೊರಟಿತು ಎಂದೂ ಆಗುತ್ತದೆ! ನೆಲೆಸುವುದಕ್ಕೂ ತೊರೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಮೊದಲನೆಯ ‘ಬಿಡುವುದು’ ಒಂದು ದಿನದ ಕೆಲಸ. ಎರಡನೆಯದಕ್ಕೆ ತಿಂಗಳುಗಟ್ಟಲೆ ಬೇಕು. ಎಪ್ಪತ್ತು ದಾಟಿದ ಮೇಲೆ ಬೆಂಗಳೂರು ಬಿಟ್ಟು ಹಗರೆಗೆ ಬಂದ ನನಗೆ ಇದು ಈಗ ಚೆನ್ನಾಗಿ ಅರ್ಥವಾಗಿದೆ. ಅಪ್ಪನ ವರ್ಗಾವಣೆಯಿಂದ ಹೊಸ ಶಾಲೆ ಸೇರಿದ ಮಕ್ಕಳಿಗೂ, ‘ಸಾಕಪ್ಪ ಈ ಊರು, ಹಳ್ಳಿಗೆ ಹೋಗಿಬಿಡೋಣ’ ಎಂದು ದಿನಾ ಗೊಣಗುವ ನನ್ನ ವಯಸ್ಸಿನವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಕ್ಯಾಂಟರ್ ಸಾಮಾನು

ನಾನು ಹುಟ್ಟಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. 1982ರಲ್ಲಿ ಬೆಂಗಳೂರಿಗೆ ವರ್ಗವಾಗಿ ಹೋದವನು ನಿವೃತ್ತಿಯಾದ ಮೇಲೂ ರಾಜಾಜಿನಗರದಲ್ಲೇ ಉಳಿದೆ. ಹುಟ್ಟೂರಿನಲ್ಲಿ ಈಗ ನಮ್ಮದೆನ್ನುವ ಮನೆಯಿಲ್ಲ. ಹಗರೆ ನನ್ನ ಹೆಂಡತಿಯ ತವರು. ಅವಳ ತಮ್ಮನ ಮನೆಯ ಹಿಂಭಾಗದಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಹಿತ್ತಲು ಖಾಲಿ ಇದ್ದವು.

2024ರ ಬೇಸಿಗೆ ಬೆಂಗಳೂರಿನವರಿಗೆಲ್ಲ ನೆನಪಿರುತ್ತದೆ. ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ನಮ್ಮ ಕಟ್ಟಡದಲ್ಲೂ ಟ್ಯಾಂಕರ್ ಬರುವ ಸದ್ದಿಗೆ ಕಿವಿಗೊಟ್ಟು ಕೂರುವುದೇ ಕೆಲಸವಾಯಿತು. ಮೊದಲೇ ಇದ್ದ ಯೋಚನೆ ಆಗ ಗಟ್ಟಿಯಾಯಿತು. ಮೇ ತಿಂಗಳಲ್ಲಿ ಒಂದು ಕ್ಯಾಂಟರ್‌ನಷ್ಟು ಸಾಮಾನು ತುಂಬಿಸಿದೆವು. ಉಳಿದದ್ದನ್ನು ಬೇಕಾದವರಿಗೆ ಕೊಟ್ಟೆವು. ಹಗರೆಯಲ್ಲಿ ಹಾಲು ಉಕ್ಕಿಸಿ ಒಲೆ ಹಚ್ಚಿದೆವು.

ಬಂದ ಮೇಲೆ ನಕ್ಷೆ ಹರಡಿ ಕೂತಾಗ ಒಂದು ಸಂಗತಿ ಗಮನಿಸಿದೆ. ಬೇಲೂರಿನ ಪಕ್ಕದಲ್ಲಿ ಹರಿಯುವ ಯಗಚಿ ಹೇಮಾವತಿಯನ್ನು ಸೇರುತ್ತದೆ. ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ಬೆಂಗಳೂರಿನ ನಲ್ಲಿಗಳಿಗೆ ಹರಿಸುತ್ತಾರೆ. “ನಲವತ್ತೆರಡು ವರ್ಷ ನಾವು ಕುಡಿದ ನೀರಿನಲ್ಲಿ ನಿನ್ನ ತವರಿನ ಪಾಲೂ ಇತ್ತು ಕಣೇ” ಎಂದೆ. “ತವರಿಂದ ಏನೂ ಬರಲಿಲ್ಲ ಅಂತಿದ್ರಲ್ಲ, ಈಗ ಗೊತ್ತಾಯ್ತಾ?” ಎಂದಳು.

ಖರ್ಚಿನ ಕಡೆಯ ಎರಡು ಸಾಲು

ಬ್ಯಾಂಕಿನಲ್ಲಿ ಇದ್ದವನಿಗೆ ಜಮಾ ಮಾತ್ರ ಬರೆದು ಖರ್ಚು ಬರೆಯದಿದ್ದರೆ ಸಮಾಧಾನವಿಲ್ಲ. ಹಳ್ಳಿಯ ಗಾಳಿ, ಹಿತ್ತಲಿನ ಸೊಪ್ಪು, ಬೆಳಗಿನ ಡೇರಿ ಹಾಲು ಎಂದು ಹೊಗಳುವ ಲೇಖನಗಳು ಬೇಕಾದಷ್ಟು ಬಂದಿವೆ. ನಾನು ಖರ್ಚಿನ ಕಡೆಯ ಎರಡು ಸಾಲು ಹೇಳುತ್ತೇನೆ.

ಒಂದು, ಆಸ್ಪತ್ರೆ. “ಈ ವಯಸ್ಸಿನಲ್ಲಿ ರಾತ್ರಿ ಹೊತ್ತು ಏನಾದ್ರೂ ಆದ್ರೆ ಏನ್ ಮಾಡ್ತೀರಪ್ಪ?” ಎಂದು ಮಗ ಹೊರಡುವ ಮೊದಲೇ ಕೇಳಿದ್ದ. ಬಂದ ಮೂರನೇ ತಿಂಗಳು, ಮಳೆ ಹಿಡಿದಿದ್ದ ಒಂದು ಸಂಜೆ, ನನ್ನ ಹೆಂಡತಿ ಹಿತ್ತಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಪಕ್ಕದ ಮನೆಯ ಹುಡುಗ ತನ್ನ ಕಾರು ತಂದ. ಹಾಸನ ತಲುಪಲು ಮುಕ್ಕಾಲು ಗಂಟೆಯಾಯಿತು. ಬೆಂಗಳೂರಿನಲ್ಲಿ ನಮ್ಮ ಮನೆಯಿಂದ ಮೂಳೆ ವೈದ್ಯರಲ್ಲಿಗೆ ನಡೆದೇ ಹೋಗಬಹುದಿತ್ತು. ಆ ಹುಡುಗ ಬ್ಯಾಂಡೇಜು ಕಟ್ಟಿ ಮುಗಿಯುವವರೆಗೂ ನಮ್ಮ ಜೊತೆ ಕೂತಿದ್ದ, ಅವನ ತಾಯಿ ಹದಿನೈದು ದಿನ ನಮಗೆ ಮುದ್ದೆ ಸಾರು ಕಳಿಸಿದರು. ಆದರೂ ಮುಕ್ಕಾಲು ಗಂಟೆ ಮುಕ್ಕಾಲು ಗಂಟೆಯೇ. ಎಷ್ಟು ಸಾರು ಬಂದರೂ ಖರ್ಚಿನ ಕಡೆಯ ಆ ಸಾಲನ್ನು ನಾನು ಹೊಡೆದುಹಾಕುವುದಿಲ್ಲ.

ಎರಡು, ಮೊಮ್ಮಗಳು. ನಾಲ್ಕನೇ ಕ್ಲಾಸಿನವಳು. ಅವಳನ್ನು ಬೆಳಿಗ್ಗೆ ಶಾಲೆಯ ವ್ಯಾನಿಗೆ ಹತ್ತಿಸುವುದೂ ಸಂಜೆ ಇಳಿಸಿಕೊಳ್ಳುವುದೂ ನನ್ನ ಕೆಲಸವಾಗಿತ್ತು. ನಾವು ಹೊರಟಾಗ ಅಳಲಿಲ್ಲ, ಆದರೆ ಫೋನಿಗೆ ಬರುವುದನ್ನೇ ಬಿಟ್ಟಳು. “ತಾತ ಮಾತಾಡ್ತಾರೆ ಬಾರೇ” ಎಂದು ಸೊಸೆ ಕರೆಯುವುದು ಕೇಳಿಸುತ್ತಿತ್ತು. ಆ ಕಡೆಯಿಂದ “ಹೋಂವರ್ಕ್ ಇದೆ” ಎಂಬ ಉತ್ತರ. ಬೇಸಿಗೆ ರಜೆಯಲ್ಲೂ ಹೋಂವರ್ಕ್ ಇತ್ತು! ಮಕ್ಕಳ ಮೇಲೆ ನಮಗೆಷ್ಟು ಹಂಬಲವೋ ಅಷ್ಟೇ ಮುನಿಸು ಅವರಿಗೂ ನಮ್ಮ ಮೇಲೆ ಇರುತ್ತದೆ. ದೊಡ್ಡವರು ಊರು ಬಿಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾನು ಅಂಚೆ ಕಛೇರಿಯಿಂದ 50 ಪೈಸೆಯ ಹತ್ತು ಕಾರ್ಡು ತಂದು, ಎಲ್ಲದರ ಮೇಲೂ ನಮ್ಮ ಹಗರೆಯ ವಿಳಾಸ ನಾನೇ ಬರೆದು ಅವಳಿಗೆ ಕಳಿಸಿದೆ. ಮೂರು ವಾರ ಏನೂ ಬರಲಿಲ್ಲ. ನಾಲ್ಕನೇ ವಾರ ಒಂದು ಕಾರ್ಡು ಬಂತು. ‘ಹೇಗಿದ್ದೀರಿ’ ಎಂದೂ ಇಲ್ಲ. ದಪ್ಪಕ್ಷರದಲ್ಲಿ ಹೀಗಿತ್ತು: “ತಾತ, ಅದು ಹಳೇಬೀಡು ಆದ್ರೆ ಹೊಸಬೀಡು ಎಲ್ಲಿದೆ?”

ಹೊಸಬೀಡು ಹುಡುಕುತ್ತಾ

ನಾನೂ ಹೆಂಡತಿಯೂ ಬಸ್ಸು ಹತ್ತಿದೆವು. ಹಿರಿಯ ನಾಗರಿಕನೆಂದು ನನಗೆ ಟಿಕೆಟ್ಟಿನಲ್ಲಿ ಕಾಲು ಭಾಗ ರಿಯಾಯಿತಿ. ‘ಶಕ್ತಿ’ ಯೋಜನೆಯಲ್ಲಿ ಅವಳಿಗೆ ಪೂರ್ತಿ ಉಚಿತ. ದಾರಿಯುದ್ದಕ್ಕೂ ಅದನ್ನು ನೆನಪಿಸುತ್ತಲೇ ಇದ್ದಳು. ಹೊಯ್ಸಳೇಶ್ವರ ದೇವಾಲಯದ ಗೋಡೆಯ ತಳದಲ್ಲಿ ಸಾಲು ಸಾಲು ಆನೆಗಳನ್ನು ನೋಡುತ್ತಾ, ಮೊದಲು ಓದಿದ್ದನ್ನೆಲ್ಲ ನೆನಪಿಸಿಕೊಂಡು ಮೊಮ್ಮಗಳಿಗೆ ಉತ್ತರ ಬರೆದೆ. ಒಂದು ಕಾರ್ಡಿನಲ್ಲಿ ಹಿಡಿಯಲಿಲ್ಲ, ನಾಲ್ಕಾದವು. ಅದರ ಸಾರ ಇಷ್ಟು:

ಹೊಯ್ಸಳರು ಮೊದಲಿಗೆ ಮಲೆನಾಡಿನವರು. ಅವರ ಮೂಲ ನೆಲೆ ಸೊಸೆವೂರು. ಈಗಿನ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಅದು. ಗುರುಗಳು ‘ಹೊಯ್ ಸಳ’ ಎಂದಾಗ ಸಳ ಎಂಬ ಯುವಕ ಹುಲಿಯನ್ನು ಹೊಡೆದ ಕಥೆ ನಡೆಯುವುದು ಅಲ್ಲಿಯ ವಾಸಂತಿಕಾ ದೇವಿಯ ಗುಡಿಯ ಬಳಿ. ಅಲ್ಲಿಂದ ಅವರು ಬಯಲಿನ ಕಡೆಗೆ ಇಳಿದು, ಯಗಚಿಯ ದಡದ ಬೇಲೂರನ್ನು ನೆಲೆ ಮಾಡಿಕೊಂಡರು. ವಿಷ್ಣುವರ್ಧನ ಅಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಹದಿನಾರು ಕಿ.ಮೀ. ಆಚೆ ಒಂದು ದೊಡ್ಡ ಕೆರೆಯಿತ್ತು. ಅದರ ಪಕ್ಕದಲ್ಲಿ ದೋರಸಮುದ್ರ ಎಂಬ ರಾಜಧಾನಿ ಬೆಳೆಯಿತು. ಹೆಸರಿನಲ್ಲಿರುವ ಸಮುದ್ರ ಆ ಕೆರೆಯೇ. 1121ರ ಸುಮಾರಿಗೆ ಹೊಯ್ಸಳೇಶ್ವರದ ಕೆಲಸ ಆರಂಭವಾಯಿತು. ಪಕ್ಕದ ಬಸ್ತಿಹಳ್ಳಿಯಲ್ಲಿ ಜೈನ ಬಸದಿಗಳೂ ಎದ್ದವು. ಸುತ್ತ ಕೋಟೆ, ಒಳಗೆ ಅರಮನೆ, ಪೇಟೆ. ಆ ಕಾಲಕ್ಕೆ ಅದು ನಮ್ಮ ಬೆಂಗಳೂರಿನಂಥ ಊರು.

1311ರಲ್ಲಿ ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫರ್ ದಂಡೆತ್ತಿ ಬಂದ. ಮೂರನೇ ವೀರಬಲ್ಲಾಳ ಸಂಪತ್ತು, ಆನೆ, ಕುದುರೆ ಒಪ್ಪಿಸಿ ಸಂಧಿ ಮಾಡಿಕೊಂಡ. ಮುಂದೆ ತುಘಲಕ್ ಸೈನ್ಯದಿಂದ ಮತ್ತೊಂದು ಪೆಟ್ಟು ಬಿತ್ತು. ಬಲ್ಲಾಳ ತಮಿಳು ಸೀಮೆಯ ತಿರುವಣ್ಣಾಮಲೈಯಲ್ಲಿ ಬೀಡು ಬಿಟ್ಟ. ಕೊನೆಗೆ ಮಧುರೆಯ ಸುಲ್ತಾನನೊಂದಿಗಿನ ಯುದ್ಧದಲ್ಲಿ ಸಿಕ್ಕಿಬಿದ್ದು ಪ್ರಾಣ ಕಳೆದುಕೊಂಡ. ರಾಜನಿಲ್ಲದ ದೋರಸಮುದ್ರ ಜನರ ಬಾಯಲ್ಲಿ ಹಳೆಯ ಬೀಡಾಯಿತು, ಹಳೇಬೀಡಾಯಿತು.

ಹಾಗಾದರೆ ಹೊಸಬೀಡು ಯಾವುದು? ಸೊಸೆವೂರು ಬಿಟ್ಟಾಗ ಬೇಲೂರೇ ಹೊಸಬೀಡು. ಬೇಲೂರು ಬಿಟ್ಟಾಗ ದೋರಸಮುದ್ರ. ಅದನ್ನು ಬಿಟ್ಟಾಗ ತಿರುವಣ್ಣಾಮಲೈ. ಪ್ರತಿ ಹಳೇಬೀಡೂ ಒಂದು ಕಾಲದಲ್ಲಿ ಹೊಸಬೀಡೇ ಆಗಿತ್ತು, ಪುಟ್ಟಿ. ಇನ್ನೊಂದು ಮಾತು. ರಾಜ ಹೋದ ಮೇಲೆ ಊರನ್ನು ‘ಹಳೆಯ ಬೀಡು’ ಎಂದು ಕರೆಯಲು ಅಲ್ಲಿ ಜನ ಇದ್ದಿರಲೇಬೇಕಲ್ಲ? ಅರಮನೆ ಈಗ ಉಳಿದಿಲ್ಲ. ಕೆರೆ ಇದೆ, ಊರಿದೆ, ನಿನ್ನಂಥ ಮಕ್ಕಳು ಓದುವ ಶಾಲೆ ಇದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬಿಟ್ಟು ಹೋದ ಊರನ್ನು ನೋಡಲು ಈಗ ಲೋಕವೆಲ್ಲ ಬರುತ್ತಿದೆ.

ಐದನೇ ದಿನ ಫೋನು ಬಂತು. “ತಾತ, ಹಾಗಾದ್ರೆ ನಮ್ಮನೆ ಈಗ ಹಳೇಬೀಡಾ?” ಎಂದಳು. “ಹೌದು, ನೀನು ಅಲ್ಲಿ ಇದ್ದೀಯಲ್ಲ, ನೋಡಲು ನಾವೇ ಬರುತ್ತೇವೆ” ಎಂದೆ. ಅಂದಿನಿಂದ ಮಾತು ಶುರುವಾಯಿತು. ಕಾರ್ಡುಗಳೂ ನಿಂತಿಲ್ಲ.

ಬೆಂಗಳೂರಿನವರು ಬ್ಯಾಂಕ್ ತಾತ ಆದದ್ದು

ಬಂದ ಹೊಸದರಲ್ಲಿ ಊರಿನವರಿಗೆ ನಾವು ‘ಬೆಂಗಳೂರಿನವರು’. ಮಾತಿನಲ್ಲಿ ಮರ್ಯಾದೆ ಇತ್ತು, ಸಲುಗೆ ಇರಲಿಲ್ಲ. ಒಂದು ದಿನ ಸ್ತ್ರೀಶಕ್ತಿ ಸಂಘದ ಇಬ್ಬರು ಹೆಂಗಸರು ಲೆಕ್ಕದ ಪುಸ್ತಕ ಹಿಡಿದು ಬಂದರು. ನೂರ ಎಂಬತ್ತು ರೂಪಾಯಿ ತಾಳೆಯಾಗುತ್ತಿರಲಿಲ್ಲ. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿದರೆ ಪೂರ್ತಿ ಹೋಗುತ್ತದೆಯೇ ಎಂದು ನೋಡುವುದು ನಮ್ಮ ಹಳೆಯ ರೂಢಿ. ಹೋದರೆ, ಅಂಕಿಗಳು ಅದಲು ಬದಲಾಗಿರಬಹುದು. ಹುಡುಕಿದಾಗ 530 ಎಂಬುದು 350 ಆಗಿ ಕೂತಿತ್ತು. ಮಕ್ಕಳೇ, ನೀವೂ ಬೇರೆ ಸಂಖ್ಯೆಗಳಿಂದ ಮಾಡಿ ನೋಡಿ, 72ರಲ್ಲಿ 27 ಕಳೆಯಿರಿ, 81ರಲ್ಲಿ 18 ಕಳೆಯಿರಿ. ಪ್ರತಿ ಸಲವೂ ಒಂಬತ್ತರ ಮಗ್ಗಿಯಲ್ಲೇ ಉತ್ತರ.

ಮಾರನೆಯ ವಾರದಿಂದ ಪಾಸ್‌ಬುಕ್ಕು, ಸಾಲದ ನೋಟೀಸು, ವಿಧವಾ ವೇತನದ ಅರ್ಜಿ ಒಂದೊಂದಾಗಿ ಬರತೊಡಗಿದವು. ಹೆಸರು ‘ಬ್ಯಾಂಕಿನವರು’ ಎಂದಾಯಿತು. ಈಗ ಹುಡುಗರ ಬಾಯಲ್ಲಿ ‘ಬ್ಯಾಂಕ್ ತಾತ’. ದೋರಸಮುದ್ರಕ್ಕೆ ಹೆಸರು ಬದಲಿಸಿದ್ದು ಉಳಿದ ಜನ, ನನಗೆ ಹೆಸರು ಬದಲಿಸಿದ್ದೂ ಊರಿನ ಜನ. ಕ್ಯಾಂಟರಿನಿಂದ ಸಾಮಾನು ಇಳಿಸಿದ ದಿನ ನಾವು ಹಗರೆಗೆ ಬಂದೆವು, ನಿಜ. ಆದರೆ ಬೀಡು ಬಿಟ್ಟದ್ದು, ಆ ಲೆಕ್ಕದ ಪುಸ್ತಕ ನಮ್ಮ ಬಾಗಿಲಿಗೆ ಬಂದ ದಿನ. ಹೊಸ ಜಾಗದಲ್ಲಿ ನಮಗೆ ಯಾರು ಬೇಕು ಎಂದು ಎಲ್ಲರೂ ಯೋಚಿಸುತ್ತೇವೆ. ನಾವು ಯಾರಿಗಾದರೂ ಬೇಕಾದ ಮೇಲೇ ಅದು ನಮ್ಮ ಊರು. ಹೊಸ ಶಾಲೆಗೆ ಸೇರಿದ ಮಕ್ಕಳಿಗೂ ಇದೇ ಮಾತು: ಪಕ್ಕದಲ್ಲಿ ಕೂತವರಿಗೆ ಬರದ ಒಂದು ಲೆಕ್ಕವೋ ಒಂದು ಆಟವೋ ನಿಮಗೆ ಬರುತ್ತಿದ್ದರೆ ಮೊದಲ ವಾರವೇ ಹೇಳಿಕೊಡಿ.

ಹೊರಡುವ ಅಜ್ಜ ಅಜ್ಜಿಯರಿಗೆ

• ಮನೆ ಕಟ್ಟುವ ಮುನ್ನ ಒಂದು ಪೂರ್ತಿ ಮಳೆಗಾಲ ಬಾಡಿಗೆಗೆ ಇದ್ದು ನೋಡಿ.

• ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತಾಗುತ್ತದೆ ಎಂದು ಗಡಿಯಾರ ಹಿಡಿದು ಒಮ್ಮೆ ಹೋಗಿಬನ್ನಿ. 108 ಆಂಬುಲೆನ್ಸ್, ಪಕ್ಕದ ಮನೆ, ಮಗ ಅಥವಾ ಮಗಳು, ಈ ಸಂಖ್ಯೆಗಳನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

• ಬ್ಯಾಂಕ್ ಖಾತೆಯನ್ನು ಅದೇ ಬ್ಯಾಂಕಿನ ಹತ್ತಿರದ ಶಾಖೆಗೆ ವರ್ಗಾಯಿಸಿಕೊಳ್ಳಿ. ಖಾತೆಯ ಸಂಖ್ಯೆ ಸಾಮಾನ್ಯವಾಗಿ ಬದಲಾಗುವುದಿಲ್ಲ, ಐಎಫ್‌ಎಸ್‌ಸಿ ಬದಲಾಗುತ್ತದೆ. ನಾಮಿನಿ ಹೆಸರು ಇದೆಯೇ ಎಂದು ಅಂದೇ ನೋಡಿಬಿಡಿ.

• ಪಿಂಚಣಿದಾರರು ನವೆಂಬರಿನ ಜೀವಿತ ಪ್ರಮಾಣಪತ್ರ ಮರೆಯಬೇಡಿ. ‘ಜೀವನ್ ಪ್ರಮಾಣ್’ ಮೂಲಕ ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು.

• ಆಧಾರ್, ಪಡಿತರ ಚೀಟಿ, ಗ್ಯಾಸ್ ಸಂಪರ್ಕದ ವಿಳಾಸ ಬದಲಿಸಿ. ಮತದಾರರ ಪಟ್ಟಿಗೆ ಫಾರಂ 8 ಕೊಡಿ.

• ಮೊಮ್ಮಕ್ಕಳಿಗೆ ನಿಮ್ಮ ವಿಳಾಸ ಬರೆದ ಹತ್ತು ಅಂಚೆ ಕಾರ್ಡು ಕೊಟ್ಟು ಹೊರಡಿ.

ಮಕ್ಕಳಿಗೊಂದು ಕೆಲಸ

ಈ ಭಾನುವಾರ ನಿಮ್ಮ ಅಜ್ಜ ಅಥವಾ ಅಜ್ಜಿಯ ಪಕ್ಕ ಕೂತು, ಹುಟ್ಟಿದಂದಿನಿಂದ ಅವರು ಇದ್ದ ಮನೆಗಳನ್ನೆಲ್ಲ ಕ್ರಮವಾಗಿ ಪಟ್ಟಿ ಮಾಡಿ. ಊರಿನ ಹೆಸರು, ಇಸವಿ, ಅದನ್ನು ಬಿಟ್ಟ ಕಾರಣ, ನೀರು ಎಲ್ಲಿಂದ ತರುತ್ತಿದ್ದರು, ಪಕ್ಕದ ಮನೆಯಲ್ಲಿ ಯಾರಿದ್ದರು, ಇಷ್ಟನ್ನು ಬರೆಯಿರಿ. ನನ್ನ ಮೊಮ್ಮಗಳು ನನ್ನಿಂದ ಬರೆಸಿದಾಗ ಒಂಬತ್ತು ಮನೆಗಳಾದವು. ಮೂರನೆಯ ಮನೆಯ ಪಕ್ಕದಲ್ಲಿದ್ದವರ ಹೆಸರು ನನಗೆ ನೆನಪಾಗಲಿಲ್ಲ. ಅವಳ ಅಜ್ಜಿ ಅಡುಗೆಮನೆಯಿಂದಲೇ ಕೂಗಿ ಹೇಳಿದಳು.