ಫ್ಲೂ ಸೂಜಿ ಮೇ ತಿಂಗಳಾಗೋ, ಅಕ್ಟೋಬರ್‌ದಾಗೋ?

ಸದಲಗಾದ ಹಿರಿಯ ಕೇಳುಗರೊಬ್ಬರ ಪ್ರಶ್ನೆ ಇದು: "ಅಮೆರಿಕಾದಾಗಿರೋ ಮಗ ಅಕ್ಟೋಬರ್‌ದಾಗ ಫ್ಲೂ ಸೂಜಿ ಮಾಡಿಸ್ಕೋ ಅಂತಾನ. ಇಲ್ಲಿ ಡಾಕ್ಟರು ಮೇ ತಿಂಗಳಾಗ ಅಂತಾರ. ಯಾರ ಮಾತು ಕೇಳ್ಲಿ?"

ಮಗ ಹೇಳೋದು ಅವರ ಊರಿಗೆ ಸರಿ. ಆದರೆ ಸದಲಗಾದಾಗ ಇರೋರು ಡಾಕ್ಟರ ಮಾತು ಕೇಳ್ಬೇಕು ಅಂತೀನಿ. ಅಮೆರಿಕಾದಲ್ಲಿ ಫ್ಲೂ ಹಬ್ಬೋದು ಚಳಿಗಾಲದಲ್ಲಿ. ನಮ್ಮ ದೇಶದಲ್ಲಿ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆ ಹಿಡಿದ ಮೇಲೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇನ್ನೊಮ್ಮೆ. ಲಸಿಕೆ ಕೆಲಸ ಶುರು ಮಾಡೋಕೆ ಸುಮಾರು 2 ವಾರ ಬೇಕು. ತಿಂಗಳು ಕಳೆದಂತೆ ಅದರ ಬಲ ಇಳಿಯುತ್ತದೆ, ವಯಸ್ಸಾದವರಲ್ಲಿ ಇನ್ನಷ್ಟು. ಹಂಗಾಗಿ ಅಕ್ಟೋಬರ್‌ನ ಸೂಜಿ ಮುಂದಿನ ಮಳೆಗಾಲಕ್ಕೆ ಅಷ್ಟಾಗಿ ಒದಗೋದಿಲ್ಲ.

ಇನ್ನೊಂದು ಮಾತು. ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಲಸಿಕೆಯಲ್ಲಿ ಏನಿರಬೇಕು ಅಂತ ಹೇಳುತ್ತದೆ. ಸೆಪ್ಟೆಂಬರ್ ಸಲಹೆಯ ಲಸಿಕೆ ನಮ್ಮ ಅಂಗಡಿಗೆ ಬರೋದು ಏಪ್ರಿಲ್-ಮೇ ಹೊತ್ತಿಗೆ. ಫೆಬ್ರವರಿಯದ್ದು ಅಕ್ಟೋಬರ್ ಸುಮಾರಿಗೆ. ಡಬ್ಬಿ ಮೇಲೆ ಯಾವ ವರ್ಷದ್ದು, ಎಂದಿನವರೆಗೆ ನಡೀತದ ಅಂತ ಬರೆದಿರ್ತದ, ನೋಡ್ರಿ.

ಸಿಗೋದೇ ದೊಡ್ಡ ತೊಡಕು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹಿರಿಯರ ಫ್ಲೂ ಲಸಿಕೆ ಸೇರಿಲ್ಲ. ರೊಕ್ಕ ಕೊಟ್ಟೇ ಮಾಡಿಸ್ಬೇಕು. ಪ್ರತಿ ವರ್ಷ ಬೇಕಾಗೋ ಸೂಜಿಗೆ ಪಿಂಚಣಿ ನಂಬಿದವರು ಹೀಗೆ ಖರ್ಚು ಮಾಡ್ಬೇಕಾಗಿರೋದು ಸರಿಯಲ್ಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂದಿಂದ ರಾಜ್ಯದ ಮೊದಲ ಸಾವು ವರದಿಯಾಗಿದ್ದು ಹಾಸನದಿಂದ. ತೀರಿಕೊಂಡವರು 80 ದಾಟಿದವರು.

ಊರಾಗ ಸಿಗದಿದ್ರೆ ಚಿಕ್ಕೋಡಿ, ನಿಪ್ಪಾಣಿಯಲ್ಲಿ ಫೋನ್ ಮಾಡಿ ಕೇಳ್ರಿ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರ್ಬೇಕು. ಮೇ ಬಿಸಿಲಾಗ ಚೀಲದಾಗ ಇಟ್ಕೊಂಡು ಬಸ್ಸಿನಾಗ ತರೋದು ಬ್ಯಾಡ. ಫ್ರಿಜ್ ಇರೋ ದವಾಖಾನಿಯಲ್ಲೇ ಮಾಡಿಸ್ಕೊಂಡು ಬರ್ರಿ. ಮಹಾರಾಷ್ಟ್ರದ ಕಡೆ ಡಾಕ್ಟರ್ ಹತ್ರ ಹೋಗೋರು ಇನ್ನೂ ಬೇಗ ಹೋಗೋದು ಒಳ್ಳೇದು. ದೂಧಗಂಗಾ ತುಂಬಿದ್ರೆ ಮಲಿಕವಾಡ-ದತ್ತವಾಡ ಸೇತುವೆ ನೀರಾಗ ಮುಳುಗ್ತದ.

ಸೂಜಿ ಮಾಡಿಸಿದ್ರೂ ನೆಗಡಿ ಬಂತು ಅಂತ ಬೈಯೋರು ಅದಾರ. ಇದು ಎಲ್ಲಾ ನೆಗಡಿಗೂ ಅಲ್ಲ, ಫ್ಲೂಗೆ ಮಾತ್ರ; ಅದು ಬಂದ್ರೂ ಆಸ್ಪತ್ರೆ ಸೇರೋ ಅಪಾಯ ಕಡಿಮೆ ಮಾಡ್ತದ. ಈಗ ಜ್ವರ ಇದ್ರೆ, ಹಿಂದೆ ಇದೇ ಲಸಿಕೆಯಿಂದ ಗಂಭೀರ ಅಲರ್ಜಿ ಆಗಿದ್ರೆ ಮೊದಲು ಡಾಕ್ಟರಿಗೆ ಹೇಳ್ರಿ. ಮೇ ತಪ್ಪಿದ್ರೆ ಜೂನ್, ಜುಲೈನಲ್ಲಾದರೂ ನಡೀತದ.