ತೆಂಗಿನ ಸೀಮೆಯ ಹಳೆಯ ಅಡುಗೆ ಮುಟ್ಟುಗಳು: ಗುರುತಿಸುವಿಕೆಯ ಕೆಲವು ನೆಲೆಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಹಳೆಯ ತೊಟ್ಟಿಮನೆಗಳು ಉರುಳಿದಾಗ ಅವುಗಳ ಅಡುಗೆ ಮುಟ್ಟುಗಳು ಗುಜರಿ ಅಂಗಡಿಯನ್ನು ಸೇರುತ್ತವೆ. ಅಲ್ಲಿ ಹಿತ್ತಾಳೆಗೂ ಕಬ್ಬಿಣಕ್ಕೂ ತೂಕದ ಬೆಲೆಯುಂಟು, ಹೆಸರಿಗೆ ಬೆಲೆಯಿಲ್ಲ. ಮರದ್ದಾದರೆ ಒಲೆಯ ಪಾಲು. ಹೀಗೆ ಹೆಸರು ಕಳಚಿಕೊಂಡ ವಸ್ತುವನ್ನು ಗುರುತಿಸುವಲ್ಲಿ ಆಕಾರಕ್ಕಿಂತ ಸವೆತವೇ ಹೆಚ್ಚು ನಂಬಲರ್ಹ ಸಾಕ್ಷ್ಯ.

ತುರಿಯುವ ಸಾಧನಗಳನ್ನೇ ಗಮನಿಸಬಹುದು. ಹಸಿ ತೆಂಗಿನ ಹೋಳಿಗೆ ಕರಟದ ಆಸರೆಯಿರುವುದರಿಂದ ಅದನ್ನು ಈಳಿಗೆಮಣೆಯ ತುದಿಯ ಹಲ್ಲುಬಿಲ್ಲೆಗೆ ಒತ್ತಿ ತಿರುಗಿಸಬಹುದು. ತಿಪಟೂರು ಸೀಮೆಯ ಉಂಡೆ ಕೊಬ್ಬರಿಯ ಸ್ಥಿತಿ ಬೇರೆ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದಲ್ಲಿ ಹಲವು ತಿಂಗಳು ಇಟ್ಟಾಗ ಒಳಗಿನ ನೀರು ಇಂಗಿ ತಿರುಳು ಕರಟವನ್ನು ಬಿಡುತ್ತದೆ. ಕರಟವಿಲ್ಲದ ಈ ಗಟ್ಟಿ ಗಿಟುಕನ್ನು ಉಜ್ಜುವುದಕ್ಕೆ ತೂತಿನ ಅಂಚುಗಳೆದ್ದ ತಗಡೇ ಅನುಕೂಲ. ಬಿಲ್ಲೆ ಮುರಿದುಹೋದ ಮಣೆಯು ಬರಿಯ ತರಕಾರಿ ಹೆಚ್ಚುವ ಮಣೆಯಂತೆ ತೋರುತ್ತದೆ. ಕತ್ತಿಯ ತುದಿಯಲ್ಲಿ ಬೆಸುಗೆಯ ಗುರುತನ್ನು ಹುಡುಕದೆ ತೀರ್ಮಾನಿಸಲಾಗದು. ಇದರ ಬಂಧುಗಳಿಗೆ ಕರಾವಳಿಯಲ್ಲಿ ಹೆರೆಮಣೆ, ಮಲೆನಾಡಿನಲ್ಲಿ ಮೆಟ್ಟುಗತ್ತಿ ಎಂಬ ಹೆಸರುಗಳಿವೆ. ಒಂದು ಹೆರೆಯುವ ಕ್ರಿಯೆಯನ್ನು, ಇನ್ನೊಂದು ಕಾಲಿನಿಂದ ಮೆಟ್ಟಿ ಹಿಡಿಯುವ ಭಂಗಿಯನ್ನು ಹೇಳುತ್ತದೆ.

ಜೋಡಿ ಅಗಲಿದ ಮುಟ್ಟುಗಳು ಇನ್ನೂ ತೊಡಕಿನವು. ಮುದ್ದೆ ತೊಳಸುವಾಗ ಮಡಕೆ ಅಲುಗದಂತೆ ಅದರ ಕಂಠಕ್ಕೆ ಕೊಟ್ಟು ಹಿಡಿಯುವ ಕವೆಗೋಲು ಒಂಟಿಯಾಗಿ ಸಿಕ್ಕರೆ ಬೇಸಾಯದ ಉಪಕರಣವೆಂದೇ ಭಾಸವಾಗುತ್ತದೆ. ಕವಲಿನ ಒಳಬದಿಯಲ್ಲಿ ಮಸಿಯೂ ಕಂಠ ಒತ್ತಿದ ಗೆರೆಯೂ ಇದ್ದರೆ ಸಂಶಯಕ್ಕೆ ಎಡೆಯಿಲ್ಲ. ಅದರ ಸಂಗಾತಿಯಾದ ಹಿಟ್ಟಿನ ಕೋಲಿನ ವಿಷಯದಲ್ಲಿ ಭಾಷೆಯೇ ದಾರಿ ತಪ್ಪಿಸಬಲ್ಲದು. ಈ ಭಾಗದ ಆಡುಮಾತಿನಲ್ಲಿ 'ಹಿಟ್ಟು' ಎಂದರೆ ಪುಡಿಯಷ್ಟೇ ಅಲ್ಲ, ಬೆಂದ ರಾಗಿಮುದ್ದೆಯೂ ಹೌದು. ಈ ಅರ್ಥವನ್ನರಿಯದ ಸಂಗ್ರಾಹಕನು ಕೋಲನ್ನು ಬೀಸುವ ಅಥವಾ ಕುಟ್ಟುವ ಸಾಧನಗಳ ಸಾಲಿಗೆ ಸೇರಿಸಿಬಿಡುತ್ತಾನೆ. ವಸ್ತು ಉಳಿದೂ ಪದದ ಅರ್ಥ ನಷ್ಟವಾಗುವುದು ಹೀಗೆಯೇ.

ಸೇರು, ಪಾವುಗಳ ಕಾಲನಿರ್ಣಯದಲ್ಲಿ ಆತುರ ಸಲ್ಲದು. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿಗೆ ದಾರಿಯಾದ ಮೇಲೂ ಮನೆಯೊಳಗೆ ಪಾವು ಅಕ್ಕಿಯನ್ನು ಅಳೆಯುತ್ತಲೇ ಇತ್ತು.

1968ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಂತಹ ಕಡೆ ವಸ್ತುಗಳಿಗೆ ನೆಲೆ ದೊರೆತಿದೆ. ಗುಜರಿಯಲ್ಲಿ ಸಿಕ್ಕಿದ್ದಕ್ಕೆ ಮಾತ್ರ ಮೊದಲು ಅದು ಬಂದ ಊರನ್ನು ಕೇಳಿ ಬರೆದುಕೊಳ್ಳಬೇಕು. ಅನಂತರ ಆ ಊರಿನ ಹಿರಿಯ ಹೆಂಗಸರ ಮುಂದೆ ಅದನ್ನಿಟ್ಟು, ಹೆಸರನ್ನು ಕೇಳುವ ಮೊದಲು ಅದರಿಂದ ಏನು ಮಾಡುತ್ತಿದ್ದರೆಂದು ಕೇಳುವುದು ಲೇಸು. ಕೈ ಆಡಿಸಿ ತೋರಿಸುವಾಗ ಕ್ರಿಯಾಪದ ಬರುತ್ತದೆ, ಅದರ ಹಿಂದೆಯೇ ಹೆಸರೂ ಬರುವುದುಂಟು.