ಒಂದೇ ಮಿಷನ್ನಿನ ಟೆಂಟು

ನಮ್ಮೂರ ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ಹಾಗಾಗಿ ಇಂಟರ್‌ವೆಲ್ಲು ಒಂದಲ್ಲ, ಏಳು. ಮಂಡ್ಯ ಸೀಮೆಯ ಟೂರಿಂಗ್ ಟಾಕೀಸುಗಳಲ್ಲಿ ನೆಲದ ಮೇಲೆ ಕೂತು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಒಂದಿಷ್ಟು ಲೆಕ್ಕ: 35 ಮಿ.ಮೀ. ಫಿಲಂ ಸೆಕೆಂಡಿಗೆ 24 ಚಿತ್ರದಂತೆ ಓಡಿದರೆ ಸಾವಿರ ಅಡಿಯ ರೀಲು 11 ನಿಮಿಷಕ್ಕೆ ಖಾಲಿ. ಎರಡನ್ನು ಅಂಟಿಸಿ ಸುತ್ತಿದರೂ 22 ನಿಮಿಷ. ಎರಡೂಮುಕ್ಕಾಲು ಗಂಟೆಯ ಚಿತ್ರವೆಂದರೆ ಸುಮಾರು 15,000 ಅಡಿ. ಪೇಟೆಯ ಟಾಕೀಸಿನಲ್ಲಿ ಎರಡು ಮಿಷನ್ನು. ಒಂದು ಮುಗಿಯುವಾಗ ಇನ್ನೊಂದು ಶುರು. ನಮ್ಮಲ್ಲಿ ಲೈಟು ಹಾಕಲೇಬೇಕು.

ಸಂಜೆ ಘಂಟಸಾಲರ ‘ನಮೋ ವೆಂಕಟೇಶ’ ಹಾರ್ನ್ ಸ್ಪೀಕರಿನಲ್ಲಿ ಮೊಳಗಿದರೆ ಟಿಕೆಟ್ಟು ಕೊಡುತ್ತಾರೆಂದೇ ಅರ್ಥ. ಹಾಡು ತೆಲುಗಿನದೆಂದು ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ. ಅಲ್ಲಿಯವರೆಗೆ ಅದು ಸಿನಿಮಾದವರ ಹಾಡು, ಅಷ್ಟೇ.

‘ಸಂಪತ್ತಿಗೆ ಸವಾಲ್’ 1974ರದು. ನಮ್ಮೂರಿಗೆ ಬರುವಷ್ಟರಲ್ಲಿ ಪ್ರಿಂಟು ಊರೂರು ಸುತ್ತಿ ಗೀರು ಬಿದ್ದು, ಸುಡುಬಿಸಿಲ ಸೀನಿನಲ್ಲೂ ಸೋನೆ ಮಳೆ. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡಿದ್ದಕ್ಕೆ ಹಾಕಿದ ಸಿಳ್ಳೆ ಇನ್ನೂ ನಿಂತಿಲ್ಲ, ರೀಲು ಮುಗಿಯಿತು. ಗಂಡಸರಿಗೂ ಹೆಂಗಸರಿಗೂ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಅದರಾಚೆಯಿಂದ ಅಜ್ಜಿ ಕೂಗಿದಳು: “ಏನ್ಲಾ ಮಗ, ಆ ಹೆಣ್ಣಿನ ಸೊಕ್ಕು ಇಳೀತದಾ, ಇಲ್ವಾ?” ಮಂಡ್ಯದಲ್ಲಿ ಮೊದಲೇ ನೋಡಿ ಬಂದಿದ್ದವನೊಬ್ಬ ಬಾಯಿ ತೆಗೆದ. “ಸುಮ್ನೆ ಕೂತ್ಕಳಯ್ಯ!” ಎಂದು ಇಡೀ ನೆಲ ಅವನ ಮೇಲೆ ಬಿತ್ತು. ಬೆಂಚಿನವರು ನಾಯಕಿ ಮಂಜುಳಾ ಪಕ್ಷ, ನೆಲದವರು ರಾಜಕುಮಾರ್ ಪಕ್ಷ. ಕಡ್ಲೆಕಾಯಿಯವನು ಇಬ್ಬರಿಗೂ ಮಾರಿದ. ಕಥೆ ಎಂಬುದನ್ನು ಅಳೆದು ತೂಗಿ ನೋಡುವುದನ್ನು ನಾನು ಕಲಿತದ್ದು ಈ ಗಲಾಟೆಯಲ್ಲೇ. ಆಮೇಲೆ ಓದಿದ ವಿಮರ್ಶೆಗಳಲ್ಲಿ ಅಷ್ಟು ಬಿಸಿ ಇರಲಿಲ್ಲ.

ಸಿನಿಮಾಕ್ಕಿಂತ ಮಿಷನ್ನು ನೋಡುವ ಚಟವೂ ನನಗಿತ್ತು. ಬೆಳಕಿಗೆ ಬಲ್ಬಲ್ಲ, ಎದುರುಬದುರಾಗಿ ಎರಡು ಕಾರ್ಬನ್ ಕಡ್ಡಿ. ತುದಿಗಳ ನಡುವಿನ ಸಂದಿನಲ್ಲಿ ಕರೆಂಟು ಹಾರಿ ಕಣ್ಣು ಕುಕ್ಕುವ ಬೆಳಕು. ಕಡ್ಡಿ ಉರಿದು ಸವೆದಂತೆ ಸಂದು ದೊಡ್ಡದಾಗುತ್ತದೆ. ಆಪರೇಟರು ತಿರುಪು ತಿರುಗಿಸುತ್ತ ಅವನ್ನು ಹತ್ತಿರ ತರುತ್ತಿರಬೇಕು. ಬೀಡಿ ಹಚ್ಚಲು ಅವನು ಆಚೆ ಹೋದನೋ, ಪರದೆ ಮೇಲಿನ ಮುಖಗಳೆಲ್ಲ ಮಂಕು. “ಕಾರ್ಬನ್! ಕಾರ್ಬನ್!” ಎಂದು ಕೂಗುವುದಂತೂ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿತ್ತು.

ಟೆಂಟಿನ ಲೈಸೆನ್ಸು ತಾತ್ಕಾಲಿಕ. ಅವಧಿ ಮುಗಿದರೆ ಕಂಬ ಕಿತ್ತು, ಡೇರೆ ಸುತ್ತಿಕೊಂಡು ಬೇರೆ ಊರು. ಒಂದು ಸಲ ಹೋದವರು ಮತ್ತೆ ಬರಲಿಲ್ಲ. ಅಷ್ಟರಲ್ಲಿ ಊರಿಗೊಂದು ಟಿ.ವಿ. ಬಂದಿತ್ತು, ವಾರಕ್ಕೊಂದು ಕನ್ನಡ ಚಿತ್ರ. ಟಿ.ವಿ. ಮನೆಯ ಯಜಮಾನರು ಹಜಾರದಲ್ಲಿ ಜಾಗವೇನೋ ಕೊಡುತ್ತಿದ್ದರು, ಮಾತಾಡಿದರೆ ಮಾತ್ರ ಎಬ್ಬಿಸಿ ಕಳಿಸುತ್ತಿದ್ದರು. ಅಜ್ಜಿಯನ್ನು ಎರಡು ಸಲ ಕಳಿಸಿದರು.